ಒಂದೇ ತಳ, ಎರಡು ಪಾತ್ರೆ: ಹೊರದೇಶದ ಅಡುಗೆಗಳನ್ನು ಗಡಿನಾಡಿನ ಸಸ್ಯಾಹಾರಿ ಮನೆಗೆ ಒಗ್ಗಿಸುವುದು

ಪೆರ್ಲದ ಪಾಕಶಾಲೆ:
ನಮ್ಮ ಕಡೆಯ ಬಹಳಷ್ಟು ಮನೆಗಳ ಊಟದ ಲೆಕ್ಕ ಹೀಗಿರುತ್ತದೆ. ಹಿರಿಯರು ಪೂರ್ತಿ ಸಸ್ಯಾಹಾರ, ಕೆಲವು ದಿನ ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಕ್ಕಳಿಗೆ ಮೊಟ್ಟೆ ಆಗುತ್ತದೆ. ಬರುವ ನೆಂಟರಲ್ಲಿ ಮೀನು, ಕೋಳಿ ತಿನ್ನುವವರೂ ಉಂಟು. ಹೊರದೇಶದ ಅಡುಗೆಗೆ ಕೈ ಹಾಕಿದರೆ ಎರಡು ತೊಡಕು. ಪಾಕವಿಧಾನದ ಅರ್ಧ ಸಾಮಾನು ಕಾಸರಗೋಡು ಕಡೆಯ ಕುಂಬಳೆ, ಬದಿಯಡ್ಕದ ಅಂಗಡಿಗಳಲ್ಲಿ ಸಿಗುವುದಿಲ್ಲ. ಸಸ್ಯಾಹಾರಿ ರೂಪ ಎಂದು ಕೊಟ್ಟದ್ದು ಮಾಂಸದ ಜಾಗಕ್ಕೆ ಪನೀರ್ ತುಂಬಿದ ಸಪ್ಪೆ ಸಾರು. ಒಂದೇ ಅಡಿಪಾಯದ ಮೇಲೆ ಎರಡು ಬಗೆಯಲ್ಲಿ ಮುಗಿಸಬಹುದಾದ, ಇಲ್ಲಿಯ ತೆಂಗು, ಗುಜ್ಜೆ (ಎಳೆ ಹಲಸು), ಶೇಂಗಾ, ರಾಗಿಯಿಂದಲೇ ಆಗುವ ಅಡುಗೆಗಳನ್ನು ಅಳತೆ ಸಹಿತ ಬರೆಯಿರಿ. ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎನ್ನುವುದೂ ಬೇಕು.

ನೀರ್ಚಾಲು:
ಮೊದಲು ತಿಳಿಯಬೇಕಾದದ್ದು, ಸಾರಿನಲ್ಲಿ ಮಾಂಸ ಏನು ಕೆಲಸ ಮಾಡುತ್ತದೆ ಎಂಬುದು. ಕೊಬ್ಬು ಬಿಡುತ್ತದೆ, ಮಸಾಲೆಯ ಘಮ ಅದರಲ್ಲಿ ಕರಗುತ್ತದೆ. ಮೂಳೆಯ ಅಂಟು ಸಾರಿಗೆ ಮೈ ಕೊಡುತ್ತದೆ. ಹುರಿದಾಗ ಕಂದುಬಣ್ಣದ ರುಚಿ ಬರುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ ನಾಲಗೆಯ ಮೇಲೆ ಉಳಿಯುವ ಆಳವಾದ ಉಮಾಮಿ ರುಚಿ ಇರುತ್ತದೆ. ತರಕಾರಿ ಹಾಕಿ ಇವುಗಳಲ್ಲಿ ಒಂದನ್ನೂ ತುಂಬದಿದ್ದರೆ ಸಪ್ಪೆಯಾಗದೆ ಇನ್ನೇನಾದೀತು?

ತುಂಬುವ ದಾರಿ ಸುಲಭ. ಕೊಬ್ಬಿಗೆ ನಾಲ್ಕು ಜನರ ಅಡುಗೆಗೆ 2 ದೊಡ್ಡ ಚಮಚ ಎಣ್ಣೆ ಹೆಚ್ಚು ಹಾಕಿ. ಮೈ ಬರಲು ಬೆಂದ ಬೇಳೆ, ಶೇಂಗಾ, ಗೇರುಬೀಜ ಅಥವಾ ಕಾಯಿಹಾಲು. ಕಂದುರುಚಿಗೆ ತರಕಾರಿಯನ್ನು ಸಾರಿಗೆ ಹಸಿಯಾಗಿ ಹಾಕದೆ ಮೊದಲು ಬಾಣಲೆಯಲ್ಲಿ ಅಂಚು ಕೆಂಪಾಗುವಂತೆ ಹುರಿಯುವುದು. ಉಮಾಮಿಗೆ ಎಣ್ಣೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಹುರಿದ ಟೊಮೆಟೊ, ಸೋಯಾ ಸಾಸ್, ಒಣ ಅಣಬೆ.

ಎರಡನೆಯದು, ಸಸ್ಯಾಹಾರ ಮೊದಲೇ ಬೇರೂರಿರುವ ಅಡುಗೆಮನೆಗಳಿಂದ ಶುರುಮಾಡಿ. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಅಕ್ಕಿ, ಮಸೂರ, ಮೆಕರೋನಿ ಸೇರಿಸಿ ಮಾಡುವ ಈಜಿಪ್ಟಿನ ಕೊಶರಿಯಲ್ಲಿ ಮಾಂಸವೇ ಇಲ್ಲ. ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ನೀರುಳ್ಳಿ ಬೆಳ್ಳುಳ್ಳಿಗೂ ನಿಷೇಧ. ಇವುಗಳಲ್ಲಿ ಏನನ್ನೂ ತೆಗೆಯಬೇಕಾಗಿಲ್ಲ, ಹಾಗಾಗಿ ಏನೂ ಖಾಲಿ ಅನಿಸುವುದಿಲ್ಲ.

ಅಕ್ಕಲಕೋಟದ ರೊಟ್ಟಿ:
ಶೇಂಗಾ ಇರೋ ಮನ್ಯಾಗ ಮೊದಲ ಮಾಡಬೇಕಾದ್ದು ಮಾಫೆ ನೋಡ್ರಿ. ಶೇಂಗಾದ ಸಾರು ಅದು, ಪಶ್ಚಿಮ ಆಫ್ರಿಕಾದ್ದು, ಸೆನೆಗಲ್, ಮಾಲಿ ಕಡೀದು. ಅಂಗಡಿಯ ಪೀನಟ್ ಬಟರ್ ತರಬ್ಯಾಡ್ರಿ, ಅದರಾಗ ಹೆಚ್ಚಾಗಿ ಸಕ್ಕರಿ ಇರತದ.

ನಾಕು ಮಂದಿಗೆ 150 ಗ್ರಾಂ ಶೇಂಗಾ ಸಣ್ಣ ಉರಿಯೊಳಗ ಹುರದು ಸಿಪ್ಪಿ ತಗದು ಮಿಕ್ಸರಿಗೆ ಹಾಕ್ರಿ. ಮೊದಲ ಪುಡಿ ಆಗತದ, ಆಮ್ಯಾಲ ಗಂಟು ಕಟ್ಟತದ, ಬಿಟ್ಟುಬಿಟ್ಟು 4–5 ನಿಮಿಷ ತಿರುಗಿಸಿದ್ರ ಎಣ್ಣಿ ಬಿಟ್ಟು ಹರಿಯೋ ಹಂಗ ಆಗತದ. ಸೊಲ್ಲಾಪುರದ ಶೇಂಗಾ ಹಿಂಡಿಗೆ ನಾವು ಗಂಟಿನ ಹಂತಕ್ಕ ನಿಲ್ಲಸ್ತೀವಿ, ಇದಕ್ಕ ಮುಂದ ಹೋಗಬೇಕು. ನೀರು ಒಂದು ಹನಿ ಬಿದ್ರೂ ಬಿಗಿ ಹಿಡಿತದ, ಜಾರು ಒಣಗಿರಬೇಕು.

3 ದೊಡ್ಡ ಚಮಚ ಎಣ್ಣಿಯೊಳಗ 2 ಉಳ್ಳಾಗಡ್ಡಿ, 5 ಎಸಳು ಬಳ್ಳೊಳ್ಳಿ, ಒಂದು ಇಂಚು ಹಸಿ ಶುಂಠಿ, 3 ಟೊಮೆಟೊ, 1 ಟೀ ಚಮಚ ಖಾರದ ಪುಡಿ ಹಾಕಿ ಎಣ್ಣಿ ಬಿಡೋ ತನಕ ಹುರೀರಿ. 3 ಕಪ್ ನೀರು ಹಾಕಿ ಮೊದಲ 2 ಗಜ್ಜರಿ, ಹತ್ತು ನಿಮಿಷ ಬಿಟ್ಟು 250 ಗ್ರಾಂ ಗೆಣಸು, 200 ಗ್ರಾಂ ಕುಂಬಳ, ದಪ್ಪ ಹೆಚ್ಚಿದ ಕಾಲುಭಾಗ ಎಲೆಕೋಸು. ಶೇಂಗಾ ಪೇಸ್ಟನ್ನ ಬ್ಯಾರೆ ಬಟ್ಟಲದಾಗ ಒಂದು ಕಪ್ ಬಿಸಿನೀರಿಗೆ ಕಲಸಿಕೊಂಡು ಆಮ್ಯಾಲ ಸುರೀರಿ. ಸೀದಾ ಹಾಕಿದ್ರ ತಳಕ್ಕ ಕುಂತು ಹೊತ್ತತದ; ಹೊತ್ತಿದ ಶೇಂಗಾ ವಾಸನಿ ಯಾವ ಮಸಾಲಿಗೂ ಹೋಗಂಗಿಲ್ಲ. ಉಪ್ಪು ಒಂದೂವರಿ ಟೀ ಚಮಚ. ಉರಿ ಸಣ್ಣ ಮಾಡಿ 20–25 ನಿಮಿಷ, ಐದು ನಿಮಿಷಕ್ಕೊಮ್ಮೆ ತಳ ಕೆದರಿ. ಮ್ಯಾಲ ಕೆಂಪು ಎಣ್ಣಿ ತೇಲಿದ್ರ ಆತು. ಆರಿದ್ಮ್ಯಾಲ ಇನ್ನೂ ಗಟ್ಟಿ ಆಗತದ, ಅದಕ್ಕ ತೆಳ್ಳಗಿದ್ದಾಗಲೇ ಇಳಸ್ರಿ.

ಮಾಂಸ ಬೇಕಾದವರಿಗೆ ಕೋಳಿನೋ ಕುರಿನೋ ಬ್ಯಾರೆ ಬೇಯಿಸಿ, ಸಾರು ಎರಡು ಪಾತ್ರಿಗೆ ಹಂಚಿದ್ಮ್ಯಾಲ ಎರಡನೇದಕ್ಕ ಕೂಡಸ್ರಿ. ಅಲ್ಲಿ ಅನ್ನದ ಜೋಡಿ ತಿಂತಾರ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರೋ ಸಾಹೇಲ್ ಸೀಮ್ಯಾಗೂ ಜ್ವಾಳ, ಸಜ್ಜಿನ ಮುಖ್ಯ ಬೆಳೆ, ಅದಕ್ಕ ನಮ್ಮ ಕಟಕ ರೊಟ್ಟಿಗೂ ಇದು ಚಲೋ ಹೊಂದತದ.

ಪೆರ್ಲದ ಪಾಕಶಾಲೆ:
ಕಾಯಿಹಾಲಿನ ಅಡುಗೆ ಯಾರಾದರೂ ವಿವರವಾಗಿ ಬರೆಯುವಿರಾ? ಥಾಯ್ ಹಸಿರು ಕರಿ ಮಾಡಿದಾಗ ಹಾಲು ಒಡೆಯುತ್ತದೆ ಎನ್ನುವವರು ಬಹಳ.

ಮುಳ್ಳೇರಿಯ:
ಥಾಯ್ ಕರಿಯಲ್ಲಿ ಮೊದಲು ಹಾಲು ಒಡೆಯಲೇಬೇಕು. ನಮ್ಮ ಪಾಯಸದ ಅಭ್ಯಾಸದಲ್ಲಿ ಕಾಯಿಹಾಲು ಕೊನೆಗೆ, ಕುದಿಸದೆ ಹಾಕುತ್ತೇವೆ. ಅಲ್ಲಿಯ ಕ್ರಮದಲ್ಲಿ ದಪ್ಪ ಹಾಲಿನ ಕೆನೆಯನ್ನು ಬಾಣಲೆಯಲ್ಲಿ ಎಣ್ಣೆ ಬಿಡುವವರೆಗೆ ಕಾಯಿಸಿ, ಆ ಎಣ್ಣೆಯಲ್ಲೇ ಮಸಾಲೆ ಹುರಿಯುತ್ತಾರೆ. ಕೊನೆಗೆ ಹಾಕುವ ಹಾಲು ಮಾತ್ರ ಒಡೆಯಬಾರದು. ಎರಡೂ ಕ್ರಮ ಸರಿ, ಹಂತ ಬೇರೆ.

ಒಂದು ದೊಡ್ಡ ತೆಂಗಿನಕಾಯಿ ತುರಿದು ಮುಕ್ಕಾಲು ಕಪ್ ಬಿಸಿನೀರಿನಲ್ಲಿ ರುಬ್ಬಿ ಹಿಂಡಿದ್ದು ದಪ್ಪ ಹಾಲು. ಅದೇ ಚರಟಕ್ಕೆ ಒಂದೂವರೆ ಕಪ್ ನೀರು ಹಾಕಿ ಹಿಂಡಿದ್ದು ಎರಡನೆಯದು. ದಪ್ಪ ಹಾಲನ್ನು ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಕೆನೆ ಮೇಲೆ ಗಟ್ಟಿಯಾಗುತ್ತದೆ, ಹುರಿಯಲು ಅದು. ಡಬ್ಬಿಯ ಹಾಲಿಗೆ ಗೋರಿಕಾಯಿ ಬೀಜದ ಅಂಟು ಸೇರಿಸಿದ್ದರೆ ಎಷ್ಟು ಕಾಯಿಸಿದರೂ ಎಣ್ಣೆ ಬಿಡದು. ಆಗ 2 ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಮಸಾಲೆ ಹುರಿಯಿರಿ.

ಮಸಾಲೆಗೆ 12 ಹಸಿಮೆಣಸು, ನಿಂಬೆಹುಲ್ಲಿನ ಎರಡು ದಂಟಿನ ಬುಡದ ನಾಲ್ಕು ಇಂಚು, ಒಂದು ಇಂಚು ಶುಂಠಿ (ಅಲ್ಲಿ ಹಾಕುವುದು ಗಲಾಂಗಲ್, ಶುಂಠಿಯ ಜೊತೆ ನಾಲ್ಕು ಕಾಳುಮೆಣಸು ಹಾಕಿದರೆ ಖಾರದ ಹದ ಹತ್ತಿರ ಬರುತ್ತದೆ), ಕೊತ್ತಂಬರಿ ಸೊಪ್ಪಿನ ಬೇರು ಒಂದು ಮುಷ್ಟಿ, 4 ಸಣ್ಣ ನೀರುಳ್ಳಿ, 5 ಎಸಳು ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಬೀಜ 1 ಟೀ ಚಮಚ, ಜೀರಿಗೆ ಅರ್ಧ, ಒಂದು ಲಿಂಬೆಯ ಹಸಿರು ಸಿಪ್ಪೆ. ಬಿಳಿ ಭಾಗ ಸೇರಿದರೆ ಕಹಿ. ನಿಂಬೆಹುಲ್ಲನ್ನು ಅಡ್ಡವಾಗಿ ತೆಳ್ಳಗೆ ಕೊಯ್ಯದೆ ಹಾಕಿದರೆ ನಾರು ಬಾಯಿಗೆ ಸಿಗುತ್ತದೆ. ಕಾಫಿರ್ ಲಿಂಬೆ ಎಲೆಯ ಬದಲಿಗೆ ಎಳೆಯ ಚಕ್ಕೋತದ ಎಲೆ ಎರಡು, ನಡುನರ ತೆಗೆದು.

ಸಾಂಪ್ರದಾಯಿಕ ಮಸಾಲೆಯಲ್ಲಿ ಸೀಗಡಿ ಪೇಸ್ಟ್, ಸಾರಿನಲ್ಲಿ ಮೀನಿನ ಸಾಸ್ ಇರುತ್ತದೆ. ಎರಡನ್ನೂ ಬಿಟ್ಟರೆ ಕರಿ ಸಿಹಿ ಸಪ್ಪೆ. ತಿಳಿ ಸೋಯಾ ಸಾಸ್ 1 ದೊಡ್ಡ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಒಣ ಶಿಟಾಕೆ ಅಣಬೆಯ ಪುಡಿ ಅರ್ಧ ಟೀ ಚಮಚ ಹಾಕಿ. ಸಿಹಿಗೆ ಓಲೆಬೆಲ್ಲ 2 ಟೀ ಚಮಚ. ಥಾಯ್ಲೆಂಡಿನಲ್ಲೂ ತಾಳೆಯ ಬೆಲ್ಲವೇ.

ಕೆನೆ ಎಣ್ಣೆ ಬಿಟ್ಟ ಮೇಲೆ ಮಸಾಲೆಯನ್ನು 5 ನಿಮಿಷ ಹುರಿದು, ಎರಡನೇ ಹಾಲು, ಗುಳ್ಳ ಬದನೆ, ಎರಡು ಇಂಚಿನ ಅಲಸಂದೆ, ಮೊದಲೇ ಬೇಯಿಸಿದ ಗುಜ್ಜೆ. ಹತ್ತು ನಿಮಿಷ ಸಣ್ಣ ಕುದಿ. ಇಲ್ಲಿ ಎರಡು ಪಾತ್ರೆಗೆ ಹಂಚಿ. ಮೀನು ತಿನ್ನುವವರ ಪಾತ್ರೆಗೆ ಮೀನು ಹಾಕಿದರೆ ಐದಾರು ನಿಮಿಷಕ್ಕೆ ಬೇಯುತ್ತದೆ. ಕೆನೆ ತೆಗೆದು ಉಳಿದ ಹಾಲನ್ನು ಎರಡಕ್ಕೂ ಹಾಕಿ ಕುದಿ ಬರುವ ಮೊದಲು ಇಳಿಸಿ. ಅಲ್ಲಿಯ ಬೇಸಿಲ್ ಎಲೆಯ ಬದಲು ಹಾಕುವ ತುಳಸಿಯನ್ನು ತುಂಬ ಹಾಕಬೇಡಿ. ನಮ್ಮ ಮನೆಯಂಗಳದ ತುಳಸಿಗೆ ಲವಂಗದ ಘಾಟು ಹೆಚ್ಚು, ನಾಲ್ಕು ಎಲೆ ಸಾಕು.

ಹೊಸೂರಿನ ಒಲೆ:
ಮೀನಿನ ಸಾಸ್ ಮಾತು ಬಂದದ್ದು ಒಳ್ಳೆಯದಾಯಿತು. ಕಣ್ಣಿಗೆ ಕಾಣದ ಮಾಂಸಾಹಾರ ಇರುವುದು ಹೆಚ್ಚಾಗಿ ಬಾಟಲಿಗಳಲ್ಲಿ. ಥಾಯ್ ಕರಿ ಪೇಸ್ಟಿನ ಡಬ್ಬಿಗಳಲ್ಲಿ ಸೀಗಡಿ, ವೂಸ್ಟರ್‌ಶೈರ್ ಸಾಸಿನಲ್ಲಿ ಆಂಚೋವಿ ಮೀನು, ಅಂಗಡಿಯ ಕಿಮ್ಚಿಯಲ್ಲಿ (ಕೊರಿಯಾದ ಹುದುಗಿಸಿದ ಕೋಸಿನ ಉಪ್ಪಿನಕಾಯಿ) ಉಪ್ಪು ಹಾಕಿ ಹುದುಗಿಸಿದ ಸೀಗಡಿ ಅಥವಾ ಮೀನಿನ ಸಾಸ್, ಜಪಾನಿನ ದಾಶಿ ಎಂಬ ಸಾರಿನ ಪುಡಿಯಲ್ಲಿ ಒಣ ಮೀನು. ಪಾರ್ಮಿಜಿಯಾನೋ ರೆಜಿಯಾನೋ ಚೀಸಿನ ಹಾಲನ್ನು ಕರುವಿನ ಜಠರದ ರೆನೆಟ್‌ನಿಂದಲೇ ಒಡೆಸಬೇಕೆಂಬುದು ಇಟಲಿಯ ನಿಯಮ. ಹಾಗಾಗಿ ಆ ಚೀಸ್ ಹಾಕಿದ ಪೆಸ್ಟೊ ಚಟ್ನಿ ಸಸ್ಯಾಹಾರಿ ಅಲ್ಲ. ನಮ್ಮಲ್ಲಿ ಚೌಕದೊಳಗಿನ ಹಸಿರು ವೃತ್ತ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ. ಮೊಟ್ಟೆ ಇದ್ದರೂ ಕಂದು ಗುರುತೇ. ಆಮದು ಬಾಟಲಿಯಲ್ಲಿ ಗುರುತು ಕಾಣದಿದ್ದರೆ ಪದಾರ್ಥಗಳ ಪಟ್ಟಿ ಓದದೆ ತರಬೇಡಿ.

ಇನ್ನು ಶಕ್‌ಶೂಕಾ, ಅಂದರೆ ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಮೊಟ್ಟೆ. ಉತ್ತರ ಆಫ್ರಿಕಾದ್ದು, ಮೊಟ್ಟೆ ತಿನ್ನುವವರೂ ತಿನ್ನದವರೂ ಇರುವ ಮನೆಗೆ ಹೇಳಿ ಮಾಡಿಸಿದ್ದು. 700 ಗ್ರಾಂ ಟೊಮೆಟೊ, 2 ದಪ್ಪ ಮೆಣಸಿನಕಾಯಿ, 1 ಈರುಳ್ಳಿ, 4 ಎಸಳು ಬೆಳ್ಳುಳ್ಳಿ, ಜೀರಿಗೆ 1 ಟೀ ಚಮಚ, ಬ್ಯಾಡಗಿ ಮೆಣಸಿನ ಪುಡಿ 2 ಟೀ ಚಮಚ, ಎಣ್ಣೆ 3 ದೊಡ್ಡ ಚಮಚ. ಪ್ಯಾಪ್ರಿಕಾ ಹುಡುಕಬೇಕಾಗಿಲ್ಲ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಬ್ಯಾಡಗಿ ಆ ಜಾಗಕ್ಕೆ ಸರಿಯಾಗಿ ಕೂರುತ್ತದೆ. ರಾಯಕೋಟೆ ಮಂಡಿಯಿಂದ ಬರುವ ಹೈಬ್ರಿಡ್ ಹಣ್ಣಿನ ಸಿಪ್ಪೆ ದಪ್ಪ, ಹುಳಿ ಕಡಿಮೆ; ಸಿಪ್ಪೆ ತೆಗೆದು ಅರ್ಧ ಲಿಂಬೆ ಸೇರಿಸಿ. ನಾಟಿ ಹಣ್ಣಾದರೆ ನೀರು ಹೆಚ್ಚು, ಮುಚ್ಚಳವಿಲ್ಲದೆ 20 ನಿಮಿಷ ಬತ್ತಿಸಿ. ಸೌಟಿನಿಂದ ಗೆರೆ ಎಳೆದರೆ ಅದು ಕೂಡಿಕೊಳ್ಳದೆ ಒಂದು ಕ್ಷಣ ನಿಲ್ಲಬೇಕು. ನೀರಾಗಿರುವಾಗ ಮೊಟ್ಟೆ ಒಡೆದು ಹಾಕಿದರೆ ಬಿಳಿಭಾಗ ಹರಡಿಹೋಗುತ್ತದೆ.

ಗೊಜ್ಜನ್ನು ಎರಡು ಬಾಣಲೆಗೆ ಹಂಚಿ. ಒಂದರಲ್ಲಿ ಗುಳಿ ಮಾಡಿ ಮೊಟ್ಟೆ, ಮುಚ್ಚಿ ಸಣ್ಣ ಉರಿಯಲ್ಲಿ 5–7 ನಿಮಿಷ. ಇನ್ನೊಂದಕ್ಕೆ ಪನೀರ್.

ಮುಳ್ಳೇರಿಯ:
ಪನೀರಿಗೆ ನನ್ನ ಒಪ್ಪಿಗೆ ಇಲ್ಲ. ಶಕ್‌ಶೂಕಾದಲ್ಲಿ ಮೊಟ್ಟೆಯ ಕೆಲಸ ಮೆತ್ತಗೆ ನಿಂತು ಗೊಜ್ಜನ್ನು ಹೀರುವುದು, ಪನೀರ್ ಹುಳಿಯಲ್ಲಿ ಕುದಿದಷ್ಟೂ ರಬ್ಬರಾಗುತ್ತದೆ. ಕಡಲೆಹಿಟ್ಟು ಅರ್ಧ ಕಪ್, ಮೊಸರು 2 ದೊಡ್ಡ ಚಮಚ, ನೀರು ಕಾಲು ಕಪ್, ಎಣ್ಣೆ 1 ಟೀ ಚಮಚ, ಕಪ್ಪು ಉಪ್ಪು ಎರಡು ಚಿಟಿಕೆ ಗಂಟಿಲ್ಲದೆ ಕಲಸಿ ಹದಿನೈದು ನಿಮಿಷ ಬಿಟ್ಟು ಅದೇ ಗುಳಿಗಳಿಗೆ ಒಂದೊಂದು ಸೌಟು ಹಾಕಿ, ಮುಚ್ಚಿ 8–10 ನಿಮಿಷ. ಹಬೆಯಲ್ಲಿ ಬೆಂದು ಗಟ್ಟಿ ನಿಲ್ಲುತ್ತದೆ. ಕಪ್ಪು ಉಪ್ಪಿನ ಗಂಧಕದ ವಾಸನೆ ಮೊಟ್ಟೆಯನ್ನು ನೆನಪಿಸುತ್ತದೆ. ಆ ವಾಸನೆಯೇ ಆಗದ ಹಿರಿಯರಿಗೆ ಸಾದಾ ಉಪ್ಪು ಹಾಕಿ.

ಹೊಸೂರಿನ ಒಲೆ:
ಕಡಲೆಹಿಟ್ಟಿನ ಉಪಾಯ ಚೆನ್ನಾಗಿದೆ. ಪನೀರೇ ಬೇಕಾದವರು ಬಿಸಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿಟ್ಟು ಇಳಿಸುವ ಎರಡು ನಿಮಿಷ ಮುಂಚೆ ಹಾಕಿ, ರಬ್ಬರಾಗುವುದಿಲ್ಲ.

ಮಡಕಶಿರಾ ರಾಗಿ:
ಇಥಿಯೋಪಿಯದ ಮಿಸಿರ್ ವೊಟ್ (ಕೆಂಪು ಮಸೂರದ ಖಾರದ ಸಾರು) ಬಗ್ಗೆ ಬರೆಯುತ್ತೇನೆ, ಜೊತೆಗೆ ರಾಗಿಯ ಇಂಜೆರಾ (ಅಲ್ಲಿಯ ಹುಳಿ ದೋಸೆ). ಅದಕ್ಕೆ ಅಲ್ಲಿ ಬಳಸುವ ಟೆಫ್ ಎಂಬ ಸಣ್ಣ ಕಾಳು ನಮ್ಮಲ್ಲಿ ಸಿಗುವುದು ಕಷ್ಟ. ರಾಗಿ ಮತ್ತು ಟೆಫ್ ಹುಲ್ಲಿನ ಕುಟುಂಬದಲ್ಲಿ ಹತ್ತಿರದ ಬಂಧುಗಳು, ಎರಡರಲ್ಲೂ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇಲ್ಲ.

ಬೇಳೆಗೆ ಮೊದಲು ಬೆರ್‌ಬೆರೆ ಪುಡಿ: ಬ್ಯಾಡಗಿ 10, ಕೊತ್ತಂಬರಿ ಬೀಜ 1 ಟೀ ಚಮಚ, ಮೆಂತ್ಯ ಅರ್ಧ, ಕಾಳುಮೆಣಸು ಅರ್ಧ, ಓಮ ಕಾಲು, ಏಲಕ್ಕಿ 4, ಲವಂಗ 3, ಚಕ್ಕೆ ಒಂದು ಚೂರು, ಒಣಶುಂಠಿ ಅರ್ಧ ಟೀ ಚಮಚ. ಮೆಂತ್ಯವನ್ನು ಬೇರೆಯಾಗಿ, ಹೊಂಬಣ್ಣ ಬರುವವರೆಗೆ ಮಾತ್ರ ಹುರಿಯಿರಿ. ಕೆಂಪಾದರೆ ಇಡೀ ಪುಡಿ ಕಹಿ.

ಈ ಅಡುಗೆಯ ಜೀವ ಇರುವುದು ಈರುಳ್ಳಿಯಲ್ಲಿ. 3 ದೊಡ್ಡ ಈರುಳ್ಳಿಯನ್ನು ರವೆಯಷ್ಟು ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆಯಿಲ್ಲದೆ 12–15 ನಿಮಿಷ ಬಾಡಿಸಬೇಕು. ಹಿಡಿಯುತ್ತಿದೆ ಅನಿಸಿದಾಗ ಒಂದೊಂದು ಚಮಚ ನೀರು. ಎಣ್ಣೆ ಮೊದಲೇ ಹಾಕಿದರೆ ಈರುಳ್ಳಿ ಹುರಿದು ಚೂರಾಗಿ ಉಳಿಯುತ್ತದೆ, ಕರಗುವುದಿಲ್ಲ. ಆಗ ಸಾರು ನೀರು ಬೇರೆ ಬೇಳೆ ಬೇರೆ. ಕರಗಿದ ಮೇಲೆ 4 ದೊಡ್ಡ ಚಮಚ ಎಣ್ಣೆ, 2 ದೊಡ್ಡ ಚಮಚ ಬೆರ್‌ಬೆರೆ, 4 ಎಸಳು ಬೆಳ್ಳುಳ್ಳಿ, ಶುಂಠಿ. ಸಣ್ಣ ಉರಿಯಲ್ಲಿ 5 ನಿಮಿಷ. ತೊಳೆದ ಕೆಂಪು ಮಸೂರ ಬೇಳೆ 1 ಕಪ್, ಬಿಸಿನೀರು 3 ಕಪ್, 25 ನಿಮಿಷ. ಉಪ್ಪು ಬೇಳೆ ಮೆತ್ತಗಾದ ಮೇಲೆ. ಅಲ್ಲಿ ಉಪವಾಸವಿಲ್ಲದ ದಿನ ಮಸಾಲೆ ಹಾಕಿ ಕಾಯಿಸಿದ ತುಪ್ಪ ಬಳಸುತ್ತಾರೆ, ಉಪವಾಸದ ದಿನ ಎಣ್ಣೆ.

ಇಂಜೆರಾಗೆ ರಾಗಿ ಹಿಟ್ಟು ಒಂದೂವರೆ ಕಪ್, ಅಕ್ಕಿ ಹಿಟ್ಟು ಅರ್ಧ ಕಪ್, ನೀರು ಎರಡೂವರೆ ಕಪ್, ಹುಳಿ ಬಂದ ಇಡ್ಲಿ ಹಿಟ್ಟು 1 ದೊಡ್ಡ ಚಮಚ. ನಮ್ಮ ಒಣಸೀಮೆಯಲ್ಲಿ 24 ಗಂಟೆ ಬೇಕು, ಕಾಸರಗೋಡಿನ ಸೆಕೆಯಲ್ಲಿ 14–16 ಗಂಟೆಗೇ ಹುಳಿ ಬರುತ್ತದೆ. ಮೇಲೆ ನಿಂತ ತಿಳಿನೀರು ಚೆಲ್ಲಿ. ಅರ್ಧ ಕಪ್ ಹಿಟ್ಟನ್ನು ಒಂದು ಕಪ್ ನೀರಿನಲ್ಲಿ ಅಂಬಲಿಯಂತೆ ಕಾಯಿಸಿ, ಆರಿಸಿ, ಮತ್ತೆ ಅದಕ್ಕೇ ಬೆರೆಸಿ ಒಂದೆರಡು ಗಂಟೆ ಬಿಡಿ. ಈ ಹಂತ ಬಿಟ್ಟರೆ ಮೇಲೆ ಕಣ್ಣು ಮೂಡುವುದಿಲ್ಲ, ಏಕೆಂದರೆ ಗ್ಲುಟೆನ್ ಇಲ್ಲದ ಹಿಟ್ಟಿನಲ್ಲಿ ಗುಳ್ಳೆಯನ್ನು ಹಿಡಿಯುವುದು ಆ ಬೆಂದ ಅಂಬಲಿಯೇ. ಕಾದ ಹೆಂಚಿಗೆ ಸುತ್ತಲಿಂದ ಸುರಿದು, ಕಣ್ಣು ಮೂಡಿದ ಮೇಲೆ ಮುಚ್ಚಿ ಒಂದು ನಿಮಿಷ. ಮಗುಚಬೇಡಿ. ತೆಗೆದು ಬಟ್ಟೆಯ ಮೇಲೆ ಹರಡಿ. ಬಿಸಿಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ.

ಅಕ್ಕಲಕೋಟದ ರೊಟ್ಟಿ:
ಅಲ್ಲಿಯ ಶಿರೋ ಸೈತ ಇದೇ ತಳದ ಮ್ಯಾಲ ಆಗತದ. ಹುರಿದ ಕಡ್ಲಿ ಹಿಟ್ಟು ಅರ್ಧ ಕಪ್ಪಿಗೆ ನೀರು 3 ಕಪ್, ಆ ಕರಗಿದ ಉಳ್ಳಾಗಡ್ಡಿಗೆ ನಿಧಾನ ಸುರದು ತಿರುವಿಕೋತ ಹೋಗ್ರಿ. ಝುಣಕಾ ಮಾಡಿದ ಕೈಗೆ ಇದು ಕಲಿಸಬೇಕಾಗಿಲ್ಲ. ಝುಣಕಾಕ್ಕಿಂತ ತೆಳ್ಳಗ, 15 ನಿಮಿಷ ಕುದಿಲೇಬೇಕು, ಇಲ್ಲಾಂದ್ರ ಹಸಿ ಹಿಟ್ಟಿನ ವಾಸನಿ ಉಳಿತದ.

ಆದೋನಿ:
ಕೊಶರಿಯ ವಿವರ. ಅಕ್ಕಿ 1 ಕಪ್, ಸಿಪ್ಪೆ ಇರುವ ಇಡೀ ಮಸೂರ ಅರ್ಧ ಕಪ್, ಸಣ್ಣ ಮೆಕರೋನಿ 1 ಕಪ್, ಬೆಂದ ಕಾಬೂಲಿ ಕಡಲೆ ಅರ್ಧ ಕಪ್, ಈರುಳ್ಳಿ 3 ದೊಡ್ಡದು. ಮೇಲಿನ ವೊಟ್‌ಗೆ ಹಾಕಿದ ಕೆಂಪು ಬೇಳೆಯನ್ನು ಇಲ್ಲಿ ಹಾಕಿದರೆ ಪೊಂಗಲ್ ಆಗುತ್ತದೆ, ಆದ್ದರಿಂದ ಇಡೀ ಕಾಳೇ ಬೇಕು. ಅದನ್ನು ಬೇರೆ ನೀರಿನಲ್ಲಿ 12–15 ನಿಮಿಷ ಅರೆಬೇಯಿಸಿ ಬಸಿದು, ಆಮೇಲೆ ಅಕ್ಕಿಯ ಜೊತೆ.

ಈರುಳ್ಳಿಯನ್ನು ಒಂದೇ ದಪ್ಪಕ್ಕೆ ಕೊಯ್ದು 1 ದೊಡ್ಡ ಚಮಚ ಮೈದಾ ಚಿಮುಕಿಸಿ ಮಧ್ಯಮ ಉರಿಯಲ್ಲಿ ಕರಿಯಿರಿ. ಹೊಂಬಣ್ಣಕ್ಕೆ ತೆಗೆಯಬೇಕು; ಹೊರಗೆ ಬಂದ ಮೇಲೂ ಬಣ್ಣ ಏರುತ್ತದೆ. ಬೇಕಾದ ಬಣ್ಣ ಬರುವವರೆಗೆ ಎಣ್ಣೆಯಲ್ಲೇ ಬಿಟ್ಟರೆ ತಟ್ಟೆಗೆ ಬರುವಷ್ಟರಲ್ಲಿ ಕಹಿ. ಉಪ್ಪು ಕರಿದ ಮೇಲೆ. ಆ ಎಣ್ಣೆಯ 2 ದೊಡ್ಡ ಚಮಚ ಅನ್ನಕ್ಕೆ, ಇನ್ನೆರಡು ಚಮಚ ಟೊಮೆಟೊ ಗೊಜ್ಜಿಗೆ; ಕೊಶರಿಯ ಪರಿಮಳ ಅದರಲ್ಲಿದೆ. ಗೊಜ್ಜಿಗೆ 5 ಟೊಮೆಟೊ, ಜೀರಿಗೆ, ಖಾರ, 1 ದೊಡ್ಡ ಚಮಚ ವಿನೆಗರ್. ಪಕ್ಕದಲ್ಲಿ ದಕ್ಕಾ: ಜಜ್ಜಿದ ಬೆಳ್ಳುಳ್ಳಿ 4 ಎಸಳು, ಲಿಂಬೆರಸ 3 ದೊಡ್ಡ ಚಮಚ, ಜೀರಿಗೆ ಪುಡಿ ಅರ್ಧ ಟೀ ಚಮಚ, ಉಪ್ಪು, ನೀರು ಕಾಲು ಕಪ್. ಹುಳಿ ಇಲ್ಲದ ಕೊಶರಿ ಬರೀ ಪಿಷ್ಟದ ರಾಶಿ, ದಕ್ಕಾ ಬಿಡಬೇಡಿ.

ಪೆರ್ಲದ ಪಾಕಶಾಲೆ:
ಕಾಬೂಲಿ ಕಡಲೆಯ ವಡೆಯಂಥ ಫಲಾಫೆಲ್ ಎಣ್ಣೆಯಲ್ಲಿ ಪುಡಿಯಾಗುವುದು ಯಾಕೆ? ಮೈದಾ ಸೇರಿಸಿದರೆ ನಿಲ್ಲುತ್ತದೆ, ಆದರೆ ಕಲ್ಲು.

ಹೊಸೂರಿನ ಒಲೆ:
ಕಡಲೆ ಬೇಯಿಸಿದ್ದರಿಂದ. ಬೆಂದ ಕಾಳಿನ ಪಿಷ್ಟ ಮೊದಲೇ ನೀರು ಕುಡಿದಿರುತ್ತದೆ, ಕರಿಯುವಾಗ ಅಂಟು ಕಟ್ಟಲು ಏನೂ ಉಳಿದಿರುವುದಿಲ್ಲ. ನೆನೆಸಿದ ಹಸಿ ಕಾಳನ್ನೇ ನೀರಿಲ್ಲದೆ ತರಿತರಿ ರುಬ್ಬಬೇಕು, ಮಸಾಲೆ ವಡೆಗೆ ರುಬ್ಬುವ ಹಾಗೆ. 250 ಗ್ರಾಂ ಕಾಬೂಲಿ ಕಡಲೆ 18 ಗಂಟೆ ನೆನೆಯಬೇಕು. ಕರಾವಳಿಯಲ್ಲಿ ಅಷ್ಟು ಹೊತ್ತು ಹೊರಗಿಟ್ಟರೆ ಹುಳಿ ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿ ನೆನೆಸಿ. ಬಸಿದು ಬಟ್ಟೆಯಲ್ಲಿ ಒರೆಸಿ. ಸಣ್ಣ ಈರುಳ್ಳಿ 1, ಬೆಳ್ಳುಳ್ಳಿ 4 ಎಸಳು, ತೊಳೆದು ನೀರು ಆರಿಸಿದ ಕೊತ್ತಂಬರಿ ಸೊಪ್ಪು ಒಂದು ಕಪ್, ಜೀರಿಗೆ 1 ಟೀ ಚಮಚ, ಉಪ್ಪು 1 ಟೀ ಚಮಚ. ಈರುಳ್ಳಿಯ ನೀರು ಹಿಂಡಿ. ಫ್ರಿಜ್ಜಿನಲ್ಲಿ ಒಂದು ಗಂಟೆ. ಕಾಲು ಟೀ ಚಮಚ ಸೋಡಾ ಕರಿಯುವ ಮುಂಚೆ ಮಾತ್ರ. ಎಣ್ಣೆ 175 ಡಿಗ್ರಿ ಸುಮಾರು. ಒಂದು ಚೂರು ಹಾಕಿದರೆ ತಳ ಮುಟ್ಟಿ ತಕ್ಷಣ ಮೇಲೇಳಬೇಕು. ಕಡಿಮೆ ಕಾದ ಎಣ್ಣೆಯಲ್ಲಿ ಹೊರಪದರ ಗಟ್ಟಿಯಾಗುವ ಮುಂಚೆ ಎಣ್ಣೆ ಕುಡಿದು ಬಿಚ್ಚಿಕೊಳ್ಳುತ್ತದೆ.

ಈಜಿಪ್ಟಿನಲ್ಲಿ ಕಡಲೆಯ ಬದಲು ಸಿಪ್ಪೆ ತೆಗೆದ ಫಾವಾ ಕಾಳಿನಲ್ಲಿ ಮಾಡುತ್ತಾರೆ, ಹೆಸರು ತಾಮಿಯಾ. ನಮ್ಮ ಒಣ ಅವರೆಬೇಳೆ ನಾಲ್ಕೈದು ಗಂಟೆ ನೆನೆಸಿ ಹಾಗೇ ಮಾಡಬಹುದು, ಒಳಗೆ ಇನ್ನೂ ಹಗುರ. ಚಿಕ್ಕದಾಗಿ ತಟ್ಟಿ, ಒಳಗಿನವರೆಗೂ ಬೇಯಲಿ.

ತಾಳವಾಡಿ ತರಕಾರಿ:
ಎಲೆಕೋಸು ಅಗ್ಗವಾದಾಗ ಕಿಮ್ಚಿ ಹಾಕಿಡಿ. ಅಲ್ಲಿಯ ಉದ್ದನೆಯ ನಾಪಾ ಕೋಸೇ ಬೇಕಿಲ್ಲ. 1 ಕೆ.ಜಿ. ಕೋಸು ಒಂದೂವರೆ ಇಂಚಿನ ಚೌಕ, ಉಪ್ಪು ತೂಕ ಹಾಕಿ 25 ಗ್ರಾಂ. ಚಮಚದ ಲೆಕ್ಕ ಇಲ್ಲಿ ಬೇಡ. ಕಲ್ಲುಪ್ಪು, ಪುಡಿ ಉಪ್ಪಿಗೆ ತೂಕ ಬೇರೆ ಬೇರೆ. ತಿಕ್ಕಿ ಎರಡು ಗಂಟೆ ಭಾರ ಇಡಿ, ಬಿಟ್ಟ ನೀರು ಚೆಲ್ಲಬೇಡಿ. ಅಕ್ಕಿ ಹಿಟ್ಟು 1 ದೊಡ್ಡ ಚಮಚ ಅರ್ಧ ಕಪ್ ನೀರಿನಲ್ಲಿ ಗಂಜಿ ಕಾಯಿಸಿ ಆರಿಸಿ, ಅದಕ್ಕೆ ತರಿ ಬ್ಯಾಡಗಿ ಪುಡಿ 3 ದೊಡ್ಡ ಚಮಚ, ಬೆಳ್ಳುಳ್ಳಿ 6 ಎಸಳು, ಶುಂಠಿ, ಬೆಲ್ಲ 1 ಟೀ ಚಮಚ, ಮೀನಿನ ಸಾಸಿನ ಬದಲು ಸೋಯಾ ಸಾಸ್ 1 ದೊಡ್ಡ ಚಮಚ. 200 ಗ್ರಾಂ ಮೂಲಂಗಿ ಸೇರಿಸಿ ಗಾಜಿನ ಭರಣಿಗೆ ಒತ್ತಿ ತುಂಬಿ, ಮೇಲೆ ಎರಡು ಇಂಚು ಖಾಲಿ. ತರಕಾರಿ ಸದಾ ನೀರಿನೊಳಗೆ ಮುಳುಗಿರಬೇಕು, ಹೊರಗೆ ಕಂಡದ್ದಕ್ಕೆ ಬೂಸು ಹಿಡಿಯುತ್ತದೆ. ಇಲ್ಲಿಯ ತಂಪಿಗೆ ಮೂರು ದಿನ, ಕರಾವಳಿಯಲ್ಲಿ ಒಂದು ಒಂದೂವರೆ ದಿನಕ್ಕೆ ರುಚಿ ನೋಡಿ ಫ್ರಿಜ್ಜಿಗೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ. ತೆಳು ಬಿಳಿ ಪೊರೆ ತೆಗೆದುಹಾಕಬಹುದು, ಹಸಿರು ಕಪ್ಪು ಬೂಸು ಬಂದರೆ ಭರಣಿ ಪೂರ್ತಿ ಚೆಲ್ಲಿ.

ನೀರ್ಚಾಲು:
ಗುಜ್ಜೆಗೆ ಮೆಕ್ಸಿಕೋದ ಟಾಕೋ (ಮೆಕ್ಕೆಜೋಳದ ರೊಟ್ಟಿಯಲ್ಲಿ ಪಲ್ಯ ಮಡಚಿ ತಿನ್ನುವುದು) ಒಳ್ಳೆಯ ಜೊತೆ. ಕೈಗೆ, ಕತ್ತಿಗೆ ಎಣ್ಣೆ ಸವರಿ ಹೆಚ್ಚಿ, ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. 500 ಗ್ರಾಂ ಹೋಳುಗಳಿಗೆ ಉಪ್ಪು ಹಾಕಿ ಕುಕ್ಕರಿನಲ್ಲಿ ಒಂದೇ ಸೀಟಿ. ಬಸಿದು, ಆರಿಸಿ, ಕೈಯಲ್ಲಿ ಹಿಂಡಿ ಎಳೆ ಎಳೆ ಬಿಡಿಸಿ. ಹಿಂಡದಿದ್ದರೆ ಹುರಿಯುವ ಬದಲು ಬೇಯುತ್ತಲೇ ಇರುತ್ತದೆ. 3 ದೊಡ್ಡ ಚಮಚ ಎಣ್ಣೆಯಲ್ಲಿ ಅಗಲ ಬಾಣಲೆಯಲ್ಲಿ ಹರಡಿ, ಕೈಯಾಡಿಸದೆ ಮೂರು ನಾಲ್ಕು ನಿಮಿಷಕ್ಕೊಮ್ಮೆ ಮಗುಚಿ, ಅಂಚು ಗರಿಯಾಗಲಿ. ಆಮೇಲೆ ನೆನೆಸಿ ರುಬ್ಬಿದ 5 ಬ್ಯಾಡಗಿ, ಜೀರಿಗೆ, ಬೆಳ್ಳುಳ್ಳಿ. ಓರೆಗಾನೊ ಇಲ್ಲದಿದ್ದರೆ ಅಂಗಳದ ಸಾಂಬ್ರಾಣಿ ಎಲೆ, ಅಂದರೆ ದೊಡ್ಡಪತ್ರೆ, ಅರ್ಧ ಸಾಕು. ಎರಡರ ಘಮದ ಎಣ್ಣೆಗಳೂ ಹತ್ತಿರದವು. ಗುಜ್ಜೆಯಲ್ಲಿ ಪ್ರೊಟೀನ್ ಬಹಳ ಕಡಿಮೆ, ಆದ್ದರಿಂದ ಬೆಂದ ರಾಜ್ಮಾ ಅಥವಾ ಅಲಸಂದೆ ಕಾಳು ಜೊತೆಗಿರಲಿ.

ರೊಟ್ಟಿಗೆ ಅಂಗಡಿಯ ಮೆಕ್ಕೆಜೋಳದ ಹಿಟ್ಟು ಬೇಡ, ಬಿರಿಯುತ್ತದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುವುದೇ ಅಲ್ಲಿಯ ವಿದ್ಯೆ. 500 ಗ್ರಾಂ ಒಣ ಇಡೀ ಕಾಳಿಗೆ ತಿನ್ನಲು ಯೋಗ್ಯವಾದ ಸಾದಾ ಸುಣ್ಣದ ಪುಡಿ 5 ಗ್ರಾಂ, ನೀರು ಒಂದೂವರೆ ಲೀಟರ್. ಬಣ್ಣ, ಪರಿಮಳ ಸೇರಿಸಿದ ಎಲೆಅಡಿಕೆಯ ಸುಣ್ಣ ಆಗದು. ಸ್ಟೀಲ್ ಪಾತ್ರೆಯೇ ಇರಲಿ, ಸುಣ್ಣ ಅಲ್ಯುಮಿನಿಯಮನ್ನು ತಿನ್ನುತ್ತದೆ. ಸಣ್ಣ ಕುದಿಯಲ್ಲಿ 30–40 ನಿಮಿಷ, ಸಿಪ್ಪೆ ಬೆರಳಿಗೆ ಜಾರುವವರೆಗೆ. ರಾತ್ರಿಯಿಡೀ ಅದೇ ನೀರಿನಲ್ಲಿ. ಬೆಳಗ್ಗೆ ಉಜ್ಜಿ ಮೂರು ಸಲ ತೊಳೆದು ಗ್ರೈಂಡರಿನಲ್ಲಿ ಸ್ವಲ್ಪ ಸ್ವಲ್ಪವಾಗಿ, ನೀರು ಚಿಮುಕಿಸಿ ಗಟ್ಟಿ ಹಿಟ್ಟಾಗಿ ರುಬ್ಬಿ. ಸುಣ್ಣ ಸಿಪ್ಪೆಯನ್ನು ಸಡಿಲಿಸುತ್ತದೆ, ಹಿಟ್ಟು ಕೂಡಿಕೊಳ್ಳುವಂತೆ ಮಾಡುತ್ತದೆ, ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಜೀವಸತ್ವವನ್ನೂ ಬಿಡಿಸುತ್ತದೆ. ಈ ಕ್ರಮವಿಲ್ಲದೆ ಮೆಕ್ಕೆಜೋಳವೊಂದನ್ನೇ ಉಂಡ ಕಡೆಗಳಲ್ಲಿ, ಯುರೋಪಿನಲ್ಲೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ, ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ರೋಗ ಹಬ್ಬಿತ್ತು. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಚೆನ್ನಾಗಿ ಕಾದ ಹೆಂಚಿನಲ್ಲಿ ಬೇಯಿಸಿ. ಅಂಚು ಬಿರಿದರೆ ನೀರು ಕಡಿಮೆ, ಹಾಳೆಗೆ ಅಂಟಿದರೆ ಹೆಚ್ಚು.

ಅಕ್ಕಲಕೋಟದ ರೊಟ್ಟಿ:
ಅಷ್ಟು ಹೊತ್ತಿಲ್ಲದವರು ಗೋವಿನಜ್ವಾಳದ ಹಿಟ್ಟಿಗೆ ಎಸರು ಹಾಕಿ ನಾದಿ ರೊಟ್ಟಿ ಬಡೀರಿ. ಕುದಿಯೋ ನೀರು ಪಿಷ್ಟ ಬೇಯಿಸಿ ಜಿಗುಟು ತರತದ, ಬಿರಿಯಂಗಿಲ್ಲ. ಮೆಕ್ಸಿಕೋದ ಪರಿಮಳ ಬರಂಗಿಲ್ಲ, ಆದ್ರ ಮೆತ್ತಗಿರತದ.

ಆದೋನಿ:
ರಾಜ್ಮಾ ಬಗ್ಗೆ ಒಂದು ಎಚ್ಚರ. ಕೆಂಪು ರಾಜ್ಮಾದಲ್ಲಿರುವ ಲೆಕ್ಟಿನ್ ಅರೆಬೆಂದರೆ ವಾಂತಿ, ಭೇದಿ ತರುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಿ. ಸಣ್ಣ ಶಾಖದ ಸ್ಲೋ ಕುಕ್ಕರಿಗೆ ನೇರವಾಗಿ ಹಾಕಲೇಬಾರದು.

ಪೆರ್ಲದ ಪಾಕಶಾಲೆ:
ಕುಚ್ಚಿಲಕ್ಕಿಯಲ್ಲಿ ಇಟಲಿಯ ಕೆನೆಯಂಥ ಅನ್ನ ರಿಸೊಟ್ಟೊ ಆದೀತೇ?

ಮುಳ್ಳೇರಿಯ:
ಇಲ್ಲ. ಭತ್ತ ಬೇಯಿಸಿ ಒಣಗಿಸುವಾಗ ಪಿಷ್ಟ ಒಳಗೇ ಗಟ್ಟಿಯಾಗಿರುತ್ತದೆ, ಎಷ್ಟು ತಿರುವಿದರೂ ಕೆನೆಯಂತೆ ಬಿಡದು. ಗಿಡ್ಡ ಕಾಳಿನ ಬೆಳ್ತಿಗೆ ಅಕ್ಕಿಯನ್ನು ತೊಳೆಯದೆ ಬಳಸಿ. ತೊಳೆದರೆ ಬೇಕಾದ ಪಿಷ್ಟವೇ ಹೋಗುತ್ತದೆ. ಚೀಸಿನ ಬದಲಿಗೆ ಹುರಿದ ಗೇರುಬೀಜದ ತರಿ, ಬೆಣ್ಣೆ.

ಪೆರ್ಲದ ಪಾಕಶಾಲೆ:
ಕೊನೆಗೆ ನೀರುಳ್ಳಿ ಬೆಳ್ಳುಳ್ಳಿ ಇಲ್ಲದ ದಿನಕ್ಕೆ?

ನೀರ್ಚಾಲು:
ಮೊದಲೇ ಹೇಳಿದ ಶೋಜಿನ್ ಕ್ರಮ. ಅಲ್ಲಿ ಸಾರಿಗೆ ಆಧಾರ ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ ಉಮಾಮಿ ರುಚಿ ಕೊಡುವ ಗ್ಲುಟಮೇಟ್ ಬೇರ್ಪಡಿಸಿದ್ದು ಕೊಂಬುವಿನಿಂದಲೇ. ಅದು ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ಅಂಶದ ಜೊತೆ ಸೇರಿದರೆ ಉಮಾಮಿ ಎರಡನ್ನೂ ಬೇರೆ ಬೇರೆ ಹಾಕಿದ್ದಕ್ಕಿಂತ ಬಹಳ ಹೆಚ್ಚು. ಒಂದು ಲೀಟರ್ ತಣ್ಣೀರಿಗೆ ಕೊಂಬು 10 ಗ್ರಾಂ, ಶಿಟಾಕೆ 4, ರಾತ್ರಿ ಫ್ರಿಜ್ಜಿನಲ್ಲಿ ನೆನೆಸಿ. ಬಿಸಿ ಮಾಡುವಾಗ ಕುದಿ ಬರುವ ಮೊದಲೇ ಕೊಂಬು ತೆಗೆಯಿರಿ, ಇಲ್ಲದಿದ್ದರೆ ಲೋಳೆ ಮತ್ತು ಕಹಿ. ಈ ನೀರಿನಲ್ಲಿ ಸೋಯಾ ಸಾಸ್ 2 ದೊಡ್ಡ ಚಮಚ, ಬೆಲ್ಲ 2 ಟೀ ಚಮಚ ಹಾಕಿ ಕುಂಬಳ ಹೋಳುಗಳನ್ನು ಸಿಪ್ಪೆ ಕೆಳಗಾಗಿ ಒಂದೇ ಪದರದಲ್ಲಿ ಜೋಡಿಸಿ, ಅರ್ಧ ಮುಳುಗುವಷ್ಟು ಮಾತ್ರ ನೀರು, ಒಳಗೆ ಹಿಡಿಯುವ ತಟ್ಟೆ ಮುಚ್ಚಿ 12 ನಿಮಿಷ. ಕೈಯಾಡಿಸಬೇಡಿ, ಒಡೆಯುತ್ತದೆ. ಅಣಬೆ ಆಗದ ಮನೆಯಲ್ಲಿ ಕೊಂಬು ಒಂದನ್ನೇ 15 ಗ್ರಾಂ ಮಾಡಿ.

ಬೇರೆ ದೇಶದ ಸಾರುಗಳಿಗೆ ನೀರುಳ್ಳಿಯ ಜಾಗದಲ್ಲಿ ಸಣ್ಣಗೆ ತುರಿದ ಎಲೆಕೋಸು ಒಂದು ಕಪ್, ಎಣ್ಣೆಯಲ್ಲಿ ಕಂದುಬಣ್ಣಕ್ಕೆ 10 ನಿಮಿಷ ಹುರಿದು, ಎರಡು ಚಿಟಿಕೆ ಇಂಗು. ಮಾಫೆಗೆ ಇದು ಪೂರ್ತಿ ಸರಿ. ಮಿಸಿರ್ ವೊಟ್‌ಗೆ ಸಾಲದು, ಅದರ ಮೈಯೇ ನೀರುಳ್ಳಿ. ಕೊಶರಿಯನ್ನೂ ಆ ದಿನ ಬಿಡಿ.

ಪಾತ್ರೆ ಹಂಚುವ ದಿನ ಸಸ್ಯಾಹಾರದ ಪಾತ್ರೆ ಮೊದಲು ಒಲೆಯಿಂದ ಇಳಿಯಲಿ, ಅದಕ್ಕೆ ಬೇರೆ ಸೌಟು, ಬೇರೆ ಮುಚ್ಚಳ. ಕರಿಯುವುದಿದ್ದರೆ ಫಲಾಫೆಲ್ ಮೊದಲು, ಮೀನು ಆಮೇಲೆ. ಮೀನು ಕರಿದ ಎಣ್ಣೆ ಎಷ್ಟು ಸೋಸಿದರೂ ಸಸ್ಯಾಹಾರದ ಬಾಣಲೆಗೆ ಮರಳಬಾರದು.